ನನ್ನ ಹರ್ನಿಯಾ ನೋಡಲು ಬಂದವರು

ನನಗೆ ಎಚ್‌ಐವಿ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲಿಂದ ಬಂತು ಎಂದು ಮಾತ್ರ ಕೇಳಬೇಡಿ. ನಮ್ಮ ಬಸ್ತಿಹಳ್ಳಿಯಲ್ಲಿ ಸಕ್ಕರೆ ಕಾಯಿಲೆಯವರು ಮನೆಗೊಬ್ಬರು ಇದ್ದಾರೆ, ಎಲ್ಲಿಂದ ತಂದಿರಿ ಎಂದು ಅವರನ್ನು ಯಾರೂ ಕೇಳಿಲ್ಲ. ದಿನಾ ಊಟವಾದ ಮೇಲೆ ಒಂದು ಮಾತ್ರೆ ನುಂಗುತ್ತೇನೆ. ನನ್ನ ಹೆಂಡತಿ ಲತಾಮಣಿ ಎದುರಿಗೆ ನಿಂತು, ಮಾತ್ರೆ ಗಂಟಲಿಳಿದದ್ದನ್ನು ನೋಡಿಕೊಂಡೇ ಹೋಗುತ್ತಾಳೆ. ಅವಳಿಗೆ ಈ ಕಾಯಿಲೆ ಇಲ್ಲ. ನನ್ನ ರಕ್ತದಲ್ಲೂ ಈಗ ಅದು ಪರೀಕ್ಷೆಗೆ ಸಿಗದಷ್ಟು ಕಮ್ಮಿಯಾಗಿದೆ ಎಂದು ಆಸ್ಪತ್ರೆಯವರು ಹೇಳಿದ್ದಾರೆ.

ನಾನು ಮದುವೆ ಅಡುಗೆಯವನು. ಹಳೇಬೀಡು, ಬೇಲೂರು, ಗೆಂಡೆಹಳ್ಳಿ ಕಡೆ ಅಡುಗೆ ಉಗ್ರಪ್ಪ ಎಂದರೆ ಸಾಕು. ಅರ್ಧ ಜನಕ್ಕೆ ನನ್ನ ಒಬ್ಬಟ್ಟು ಗೊತ್ತು, ಇನ್ನರ್ಧ ಜನಕ್ಕೆ ನನ್ನ ಬಾಯಿ ಗೊತ್ತು. ಅದಕ್ಕೇ ಮಾತ್ರೆ ತರಲು ನಾನು ಬೇಲೂರಿಗೆ ಹೋಗುವುದಿಲ್ಲ. ಬೇಲೂರು ಹತ್ತಿರ, ನಿಜ. ಆದರೆ ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆ ಸೇರುವಷ್ಟರಲ್ಲಿ ನಾಲ್ಕು ಜನ ಅಡ್ಡ ನಿಂತು, "ಏನ್ ಉಗ್ರಣ್ಣ, ಆಸ್ಪತ್ರೆ ಕಡೆ?" ಅನ್ನುತ್ತಾರೆ. ಅಡುಗೆಯವನಿಗೆ ಇಂಥ ಕಾಯಿಲೆ ಇದೆ ಎಂದು ಒಬ್ಬನಿಗೆ ಗೊತ್ತಾದರೂ ಅಲ್ಲಿಗೆ ನನ್ನ ಒಲೆ ಆರಿದಂತೆ. ಆದ್ದರಿಂದ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಅರಸೀಕೆರೆಗೆ ಹೋಗುತ್ತೇನೆ. ಅಲ್ಲಿ ನಾನು ಯಾರಿಗೂ ಬೇಕಾದವನಲ್ಲ. ಹಾಯಾಗಿರುತ್ತದೆ.

ಹೋದ ವರ್ಷ ಒಂದು ನಾಮಕರಣದಲ್ಲಿ ಅನ್ನದ ಕೊಪ್ಪರಿಗೆ ಇಳಿಸುವಾಗ ತೊಡೆ ಸಂದಿಯಲ್ಲಿ ಏನೋ ಚಳಕ್ ಎಂದಿತು. ನನ್ನ ಜೊತೆ ಒಲೆ ನೋಡಿಕೊಳ್ಳುವ ಹುಚ್ಚಣ್ಣ, "ವಾಯು ಕಣಣ್ಣ, ಒಂದ್ ಸೋಡಾ ಕುಡಿ" ಅಂದ. ಕುಡಿದೆ. ವಾಯು ಹೋಯಿತು, ಗಂಟು ಉಳಿಯಿತು. ನಿಂಬೆಹಣ್ಣಿನಷ್ಟು ಇದ್ದದ್ದು ನೋಡನೋಡುತ್ತಾ ಮೂಸಂಬಿಯಷ್ಟಾಯಿತು. ಹಾಸನದ ಒಂದು ನರ್ಸಿಂಗ್ ಹೋಮಿಗೆ ಹೋದೆ. ಹೆಸರು ಬೇಡ. ಹರ್ನಿಯಾ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದು ಹೇಳಿ ನಗುನಗುತ್ತಾ ದಿನ ಗೊತ್ತುಮಾಡಿಕೊಟ್ಟರು. ರಕ್ತ ತೆಗೆದುಕೊಂಡರು. ರಕ್ತದ ರಿಪೋರ್ಟು ಬಂದದ್ದೇ ತಡ, ಆ ನರ್ಸಿಂಗ್ ಹೋಮಿನಲ್ಲಿ ಎಲ್ಲವೂ ಕೆಟ್ಟುಹೋಯಿತು. ಮಿಷನ್ ರಿಪೇರಿಗೆ ಬಂದಿದೆ ಎಂದರು. ಅರಿವಳಿಕೆ ಕೊಡುವ ಡಾಕ್ಟರು ರಜಾ ಎಂದರು. ಮಂಚ ಖಾಲಿ ಇಲ್ಲ ಎಂದರು, ನಾನು ಆ ಖಾಲಿ ಮಂಚದ ಮೇಲೇ ಕೂತಿದ್ದೆ. ಅವತ್ತು ನನ್ನೊಬ್ಬನನ್ನು ಬಿಟ್ಟು ಮಿಕ್ಕಿದ್ದೆಲ್ಲಕ್ಕೂ ಕಾಯಿಲೆ ಬಂದಿತ್ತು.

ಅರಸೀಕೆರೆಯಲ್ಲಿ ಮಾತ್ರೆ ಕೊಡುವ ಕೇಂದ್ರದಲ್ಲಿ ಮಾಲಿನಿ ಮೇಡಂ ಇದ್ದಾರೆ. ಮಾತ್ರೆ ತಗೊಳ್ಳುವವರ ಕಷ್ಟಸುಖ ಕೇಳುವುದು ಅವರ ಕೆಲಸ. ಅವರ ಮುಂದೆ ಹೋಗಿ ಇದನ್ನೆಲ್ಲ ಕೂಗಾಡಿದೆ. ಅವರು ಕೂಗಾಟ ಮುಗಿಯುವ ತನಕ ಕಾದರು.

"ಹಾಗೆ ವಾಪಸ್ ಕಳಿಸೋ ಹಾಗಿಲ್ಲ ಉಗ್ರಪ್ಪನೋರೇ. ಅದಕ್ಕೆ ಕಾನೂನಿದೆ. ದೂರು ಬರೆದುಕೊಡ್ತೀರಾ?"

"ಮೊದ್ಲು ಗಂಟು ಒಳಕ್ಕೆ ಹಾಕ್ಸಿ ಮೇಡಂ. ಜಗಳ ಆಮೇಲೆ ಮಾಡಾನ. ನಂಗೆ ಜಗಳ ಆಡಾಕೆ ಮೇಲಿಂದ ಕೆಳಗಿನವರೆಗೂ ಗಟ್ಟಿ ಇರ್ಬೇಕು."

"ಇಲ್ಲೇ ಮಾಡ್ತಾರಲ್ಲ. ನಮ್ಮ ಸರ್ಜನ್ ಶರತ್ಚಂದ್ರ ಸಾರ್ ಇದ್ದಾರೆ. ಬನ್ನಿ."

ಅಷ್ಟೇ. ಮಾತ್ರೆ ತರುವ ಆಸ್ಪತ್ರೆಯ ಅದೇ ಕಟ್ಟಡದಲ್ಲಿ ಮಾಡುವ ಕೆಲಸಕ್ಕೆ ನಾನು ಹಾಸನದ ತನಕ ಹೋಗಿ ಅವಮಾನ ಮಾಡಿಸಿಕೊಂಡು ಬಂದಿದ್ದೆ. ಡಾಕ್ಟರು ನೋಡಿ, ಇನ್ನು ತಡಮಾಡಿದರೆ ಕರುಳು ಸಿಕ್ಕಿಹಾಕಿಕೊಳ್ಳಬಹುದು, ಬಂದು ಸೇರಿಕೊಳ್ಳಿ ಎಂದರು.

ಇನ್ನೊಂದು ತೊಡಕು ಉಳಿದಿತ್ತು. ನಮ್ಮ ಕಡೆ ಯಾರಾದರೂ ಆಸ್ಪತ್ರೆ ಸೇರಿದರೆ ನೋಡಲು ಹೋಗದಿರುವುದು ದೊಡ್ಡ ತಪ್ಪು. ಸಾವಿಗೆ ಹೋಗದಿದ್ದರೂ ಕ್ಷಮಿಸುತ್ತಾರೆ, ಆಸ್ಪತ್ರೆಗೆ ಬರದವರನ್ನು ಕ್ಷಮಿಸುವುದಿಲ್ಲ. ಬನ್ನು, ಬ್ರೆಡ್ಡು, ಕಿತ್ತಲೆಹಣ್ಣು ಹಿಡಿದುಕೊಂಡು ಗಾಡಿ ತುಂಬಾ ಬರುತ್ತಾರೆ. ಬಂದು ಮಂಚದ ಸುತ್ತ ನಿಂತು, ಏನಾಯಿತು, ಹೆಂಗಾಯಿತು, ಯಾವ ಮಾತ್ರೆ, ಎಲ್ಲಿ ಚೀಟಿ ತೋರಿಸು ಎಂದು ಕೇಳಿ, ತಂದ ಬನ್ನನ್ನು ತಾವೇ ಅರ್ಧ ತಿಂದು ಹೋಗುತ್ತಾರೆ. ನನ್ನ ಚೀಟಿ ತೋರಿಸುವ ಹಾಗಿರಲಿಲ್ಲ. ಅದಕ್ಕೇ, ತಿಪಟೂರಿನಲ್ಲಿ ಒಂದು ಗೃಹಪ್ರವೇಶದ ಅಡುಗೆ ಇದೆ ಎಂದು ಊರಿಗೆಲ್ಲ ಹೇಳಿ, ಲತಾಮಣಿಯನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಗಂಡಸರ ವಾರ್ಡಿನಲ್ಲಿ ಮೂಲೆ ಮಂಚ ಕೇಳಿ ತೆಗೆದುಕೊಂಡೆ. ಟವೆಲ್ ಮುಖದ ಮೇಲೆ ಹಾಕಿಕೊಂಡು ಮಲಗಿದೆ. ಆಪರೇಷನ್ ಮಾರನೆಯ ದಿನ. ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

ಸೇರಿದ ದಿನ ಬೆಳಿಗ್ಗೆಯೇ ಯಾರೋ ಪುಣ್ಯಾತ್ಮರು ತಮ್ಮ ಮಗನ ಹುಟ್ಟುಹಬ್ಬ ಎಂದು ರೋಗಿಗಳಿಗೆಲ್ಲ ಉಪ್ಪಿಟ್ಟು ಹಂಚಿಸಿದರು. ಮನಸ್ಸು ಒಳ್ಳೆಯದು, ನಾನು ಇಲ್ಲ ಅನ್ನುವುದಿಲ್ಲ. ಉಪ್ಪಿಟ್ಟು ಒಳ್ಳೆಯದಾಗಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟೆ. ರವೆ ಹುರಿದಿಲ್ಲ. ಸಾಸಿವೆ ಸಿಡಿಯುವ ಮೊದಲೇ ನೀರು ಸುರಿದಿದ್ದಾರೆ. ತಟ್ಟೆ ತಲೆಕೆಳಗೆ ಮಾಡಿದರೂ ಬೀಳಲಿಲ್ಲ. ಲತಾಮಣಿ ನನ್ನ ಮುಖ ನೋಡಿ ಗಾಬರಿಯಾಗಿ, "ಬ್ಯಾಡ ಕಣ್ರೀ, ನುಂಗ್ಬುಡಿ" ಅಂದಳು.

ನನ್ನಿಂದ ಆಗಲಿಲ್ಲ.

"ಯಾವನ್ಲಾ ಇದನ್ನ ಮಾಡ್ದೋನು?" ಎಂದು ಎದ್ದು ಕೂತೆ. "ರವೆ ಹುರಿಯೋಕೆ ನಿಂಗೇನ್ ರೋಗ? ಒಲೆ ಇತ್ತಾ, ಬಾಣಲೆ ಇತ್ತಾ, ಕೈ ಇತ್ತಾ? ಇದನ್ನ ತಿಂದ್ರೆ ಇರೋ ಕಾಯಿಲೆ ಮರ್ತು ಹೋಯ್ತದೆ, ಹೊಸಾದು ಶುರುವಾಯ್ತದೆ."

ಹಂಚುತ್ತಿದ್ದವನು, "ನಾನು ಹಂಚೋನು ಅಣ್ಣ, ಮಾಡ್ದೋನಲ್ಲ" ಎಂದು ಬಕೆಟ್ ಸಮೇತ ಹಿಂದಕ್ಕೆ ಹೋದ. ವಾರ್ಡಿನವರೆಲ್ಲ ನಕ್ಕರು. ಎದುರು ಮಂಚದ ಮುದುಕರು ತಮ್ಮ ಉಪ್ಪಿಟ್ಟನ್ನೂ ಸಾಕ್ಷಿಗೆ ತೋರಿಸಿದರು.

ಆಗ ಬಾಗಿಲಲ್ಲಿ ಒಂದು ದನಿ ಕೇಳಿತು.

"ಆ ಬಾಯಿ ನಮ್ ಉಗ್ರಂದೇ."

ಕೆಂಪಲಕ್ಷ್ಮಮ್ಮ. ಹಳೇಬೀಡಿನ ದೊಡ್ಡ ಸಂಸಾರದ ಯಜಮಾನಿ. ಅವಳ ಮಗ ದೇವರಾಜನ ಮಗಳು ಧನುಶ್ರೀಯ ಮದುವೆ ಅಡುಗೆಗೆ ನನ್ನನ್ನೇ ಗೊತ್ತುಮಾಡಿದ್ದರು. ಅವಳ ಕಿರಿಮಗಳನ್ನು ಅರಸೀಕೆರೆಗೆ ಕೊಟ್ಟಿದ್ದು ನನಗೆ ಗೊತ್ತಿತ್ತು. ಆ ಮಗಳು ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹೆತ್ತು ಮಲಗಿದ್ದಾಳೆ ಎಂದು ಯಾರಿಗೆ ಗೊತ್ತಿತ್ತು?

"ತಿಪಟೂರ್ಗೆ ಹೋಗಿದ್ದೀಯ ಅಂದ್ರು?" ಅವಳು ಮಂಚದ ಮೇಲೆ ಕೂತಳು.

"ಹೋಗೋ ದಾರೀಲಿ ಹಿಡ್ಕೊಂತು ಕೆಂಪಕ್ಕ. ಹರ್ನಿಯಾ ಅಂತೆ. ಯಾರ್ಗೂ ಹೇಳ್ಬ್ಯಾಡ, ಸುಮ್ನೆ ಎಲ್ರಿಗೂ ತೊಂದ್ರೆ."

"ನಾನ್ಯಾಕೆ ಹೇಳ್ಲಿ" ಎಂದು ಅವಳು ಎದ್ದು ಹೋಗಿ ಫೋನ್ ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಬಂದರು. ದೇವರಾಜ, ಅವನ ಹೆಂಡತಿ ಕಾವ್ಯಶ್ರೀ, ಅವರ ಬೀದಿಯವರು ಒಂದಷ್ಟು ಜನ. ಬನ್ನು ಬಂತು, ಬ್ರೆಡ್ಡು ಬಂತು, ಎಳನೀರಿನ ಗೊನೆಯೇ ಬಂತು. ಒಬ್ಬ ನನ್ನ ಕಾಲು ಒತ್ತುತ್ತಾ ಹರ್ನಿಯಾ ಎಲ್ಲಿದೆ ಎಂದು ಕೇಳಿದ. ಎಲ್ಲಿದೆ ಎಂದು ಹೇಳಿದ ಮೇಲೆ ಒತ್ತುವುದನ್ನು ಬಿಟ್ಟ. ಕಾವ್ಯಶ್ರೀ ಲತಾಮಣಿಯನ್ನು ಬೈಯುತ್ತಿದ್ದಳು, "ನಮ್ಗೆ ಒಂದ್ ಮಾತು ಹೇಳ್ಬಾರ್ದಾ ಅಕ್ಕ, ನಾವೇನು ಸತ್ತೋಗಿದ್ವಾ?" ಇದೆಲ್ಲ ನಡೆಯಲಿ, ಚೀಟಿ ಮಾತ್ರ ಯಾರೂ ಕೇಳದಿದ್ದರೆ ಸಾಕು ಎಂದು ನಾನು ಅದರ ಮೇಲೆಯೇ ಮಲಗಿದ್ದೆ.

ದೇವರಾಜ ಕಿತ್ತಲೆಹಣ್ಣು ಸುಲಿಯುತ್ತಾ, "ಉಗ್ರಣ್ಣ, ಇಲ್ಲೆಲ್ಲ ಯಾಕೆ ಬಿದ್ದಿದ್ದೀಯಾ? ಕಾರ್ ತಂದಿವ್ನಿ. ಹಾಸನದಾಗೆ ನಮ್ ಗುರ್ತಿನ ನರ್ಸಿಂಗ್ ಹೋಮ್ ಐತೆ. ಏಸಿ ರೂಮು. ಇವತ್ತೇ ಸೇರ್ಸಿಬುಡ್ತೀನಿ" ಅಂದ.

ಹೆಸರು ಹೇಳಿದ. ಅದೇ ನರ್ಸಿಂಗ್ ಹೋಮು.

"ಬ್ಯಾಡ ಕಣೋ. ಇಲ್ಲಿ ಡಾಕ್ಟ್ರು ಬೋ ಒಳ್ಳೇವ್ರು."

"ಅಲ್ಲೂ ಒಳ್ಳೇವ್ರೇ."

"ನಂಗೆ ಏಸಿ ಆಗಲ್ಲ."

"ಆಫ್ ಮಾಡುಸ್ತೀನಿ."

ನಮ್ಮ ಕಡೆಯವರಿಗೆ ಪ್ರೀತಿ ಬಂದರೆ ರೋಗಿಯ ಮಾತು ಕೇಳುವ ಪದ್ಧತಿ ಇಲ್ಲ. ಇದ್ದ ಆಸ್ಪತ್ರೆಯಿಂದ ಎತ್ತಿ ಇನ್ನೊಂದಕ್ಕೆ ಹಾಕಿದರೇನೇ ಅವರಿಗೆ ಸಮಾಧಾನ. ಕೆಂಪಲಕ್ಷ್ಮಮ್ಮ ಆಗಲೇ ಫ್ಲಾಸ್ಕನ್ನು ಚೀಲಕ್ಕೆ ಹಾಕುತ್ತಿದ್ದಳು. ನನ್ನ ಚಪ್ಪಲಿ ಕಾಣಲಿಲ್ಲ. ಕೇಳಿದರೆ, ಕಾರಿಗೆ ಹೋಗಿದೆ ಎಂದರು. ಇಬ್ಬರು ನನ್ನ ತಲೆ ಕಡೆ, ಇಬ್ಬರು ಕಾಲ ಕಡೆ ಹಾಸಿಗೆ ಹಿಡಿದುಕೊಂಡು ನಿಂತರು. ಲತಾಮಣಿ ಅತ್ತ ಇತ್ತ ಓಡಾಡುತ್ತಾ ಮಾಲಿನಿ ಮೇಡಂನ ಕರೆಯಲು ಹೋದಳು.

ದೇವರಾಜ ಕಿತ್ತಲೆ ನನ್ನ ಕೈಗಿಟ್ಟು ಆ ನರ್ಸಿಂಗ್ ಹೋಮಿಗೆ ಫೋನ್ ಹಚ್ಚಿದ. "ಹಲೋ ಮೇಡಂ, ನಾನು ಹಳೇಬೀಡು ದೇವರಾಜು. ಒಂದ್ ಹರ್ನಿಯಾ ಕೇಸ್ ಕರ್ಕೊಂಡ್ ಬತ್ತಾ ಇದೀನಿ. ಹೆಸರಾ? ಹೆಸರು ಉಗ್ರಪ್ಪ ಅಂತ..."

ನನಗೆ ಯೋಚನೆ ಮಾಡಲು ಸಮಯ ಇರಲಿಲ್ಲ. ಆ ಕಡೆಯವರಿಗೆ ನನ್ನ ಹೆಸರು ಗೊತ್ತು, ನನ್ನ ರಕ್ತ ಗೊತ್ತು. ನನ್ನ ವಿಷಯ ಅವರ ಬಾಯಿಂದ ಬರುವುದಕ್ಕಿಂತ ನನ್ನ ಬಾಯಿಂದಲೇ ಬರಲಿ. ಫೋನ್ ಕಿತ್ತುಕೊಂಡು ಆರಿಸಿಬಿಟ್ಟೆ.

"ಅವ್ರು ನನ್ನ ಮುಟ್ಟಲ್ಲ ಕಣೋ ದೇವರಾಜ. ಒಂದ್ಸಲ ಮಂಚದಿಂದ ಎಬ್ಬಿಸಿ ಕಳ್ಸವ್ರೆ. ನಂಗೆ ಎಚ್‌ಐವಿ ಐತೆ. ಈ ಆಸ್ಪತ್ರೇಲಿ ನಾಳೆ ಬೆಳಿಗ್ಗೆ ಮಾಡ್ತೀವಿ ಅಂದವ್ರೆ. ಕರುಳು ಸಿಕ್ಕಾಕ್ಕಂಡ್ ಸಾಯೋಕೆ ನಂಗೆ ಇಷ್ಟ ಇಲ್ಲ. ನನ್ನ ಚಪ್ಲಿ ವಾಪಸ್ ತಂದ್ಕೊಡಿ."

ಹಾಸಿಗೆ ಹಿಡಿದಿದ್ದವರು ಮೆಲ್ಲಗೆ ಕೈಬಿಟ್ಟರು. ಬಾಯಿಗೆ ಬನ್ನು ಹಾಕಿಕೊಂಡಿದ್ದವನು ಅಗಿಯುವುದೋ ಬಿಡುವುದೋ ತಿಳಿಯದೆ ನಿಂತ. ದೇವರಾಜ ತನ್ನ ಕೈಯನ್ನೊಮ್ಮೆ ನೋಡಿಕೊಂಡು ಪಂಚೆಗೆ ಒರೆಸಿಕೊಂಡ. ಅದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಕೆಂಪಲಕ್ಷ್ಮಮ್ಮ ಫ್ಲಾಸ್ಕ್ ಕೆಳಗಿಟ್ಟಳು. "ಯಾವಾಗ್ನಿಂದ?"

"ನಿಮ್ ಮನೆ ಗೃಹಪ್ರವೇಶಕ್ಕೂ ಮುಂಚಿಂದ."

ಅಷ್ಟರಲ್ಲಿ ಮಾಲಿನಿ ಮೇಡಂ ಬಂದರು. ಕೆಂಪಲಕ್ಷ್ಮಮ್ಮ ಅವರನ್ನು ಅಡ್ಡಹಾಕಿದಳು. "ಏನವ್ವ, ಇವನಿಗೆ ಅದು ಇರೋದು ದಿಟವಾ?"

"ಅವರ ವಿಷಯ ನಾನು ಹೇಳೋ ಹಾಗಿಲ್ಲ ಅಜ್ಜಿ. ಬೇರೆಯವರಿಗೆ ಹೇಳೋದು ಬಿಡೋದು ಅವರಿಷ್ಟ, ನೀವೂ ಊರಲ್ಲಿ ಹೇಳ್ಕೊಂಡು ಬರಬಾರದು. ಕಾಯಿಲೆ ವಿಷಯ ಏನು ಬೇಕಾದ್ರೂ ಕೇಳಿ."

ಕೆಂಪಲಕ್ಷ್ಮಮ್ಮ ಕೇಳಿದಳು. ಒಂದೊಂದಾಗಿ, ವಾರ್ಡಿಗೆಲ್ಲ ಕೇಳುವ ಹಾಗೆ. "ಸಾರಿಗೆ ಬೆವ್ರು ಬಿದ್ರೆ?" ಬರಲ್ಲ. "ಒಬ್ಬಟ್ಟು ತಟ್ಟುವಾಗ?" ಬರಲ್ಲ. "ಕೆಮ್ಮಿದ್ರೆ?" ಬರಲ್ಲ. "ಒಂದೇ ಲೋಟ?" ಬರಲ್ಲ. "ತರ್ಕಾರಿ ಹೆಚ್ಚುವಾಗ ಬೆಳ್ಳು ಕುಯ್ಕಂಡ್ರೆ?" ಅಡುಗೆಯಿಂದ ಬರೋದೇ ಇಲ್ಲ ಅಜ್ಜಿ, ಬೆರಳು ಕುಯ್ದುಕೊಂಡ್ರೆ ಯಾರಾದ್ರೂ ಬಟ್ಟೆ ಸುತ್ತಿಕೊಳ್ಳಲೇಬೇಕು ತಾನೇ. "ಬೈದ್ರೆ?" ಎಂದು ಎದುರು ಮಂಚದ ಮುದುಕರು ಕೇಳಿದರು.

ಕೆಂಪಲಕ್ಷ್ಮಮ್ಮ ಬೆರಳು ಮಡಿಸುತ್ತಾ ಲೆಕ್ಕ ಹಾಕಿದಳು. "ಗೃಹಪ್ರವೇಶ. ಯಜಮಾನ್ರ ತಿಥಿ. ಕಿರೀ ಮಗಳ ಮದ್ವೆ. ಎಲ್ಲಾ ಇವನ ಕೈ ಅಡುಗೇನೇ. ತಿಂದಿದ್ದಕ್ಕೆ ಸೊಂಟ ದಪ್ಪ ಆಯ್ತು. ಬೇರೇನೂ ಆಗ್ಲಿಲ್ವಲ್ಲ." ಆಮೇಲೆ ಮಗನ ಕಡೆ ತಿರುಗಿ, "ಅವನ ಚಪ್ಲಿ ತಂದ್ಕೊಡು" ಅಂದಳು.

ದೇವರಾಜ ಚಪ್ಪಲಿ ತಂದಿಟ್ಟ. ಎಲ್ಲರೂ ಹೊರಟರು.

"ಒಂದು ತುತ್ತು ಉಪ್ಪಿಟ್ಟು ನುಂಗೋಕೆ ಆಗ್ಲಿಲ್ವಾ ನಿಮ್ಗೆ?" ಎಂದು ಲತಾಮಣಿ ಕೇಳಿದಳು. ಇವತ್ತಿಗೂ ನಾನು ಹೇಳುವುದು ಒಂದೇ. ರವೆ ಹುರಿಯಬೇಕಿತ್ತು.

ಮಾರನೆಯ ದಿನ ಸೊಂಟಕ್ಕೆ ಸೂಜಿ ಹಾಕಿ ಅರ್ಧ ಮೈಯನ್ನು ಮಲಗಿಸಿದರು. ಮಿಕ್ಕ ಅರ್ಧ ಎಚ್ಚರವಾಗಿಯೇ ಇತ್ತು. ನನಗಾಗಿ ಬೇರೆ ಏನಾದರೂ ವೇಷ ಹಾಕಿಕೊಂಡು ಬರುತ್ತಾರೇನೋ ಎಂದು ಕಾದೆ. ಶರತ್ಚಂದ್ರ ಡಾಕ್ಟರು ನಗುತ್ತಾ, "ನಮ್ಮ ಗೌನು ಗ್ಲೌಸು ಎಲ್ಲರಿಗೂ ಒಂದೇ ಉಗ್ರಪ್ಪ. ರಕ್ತದಲ್ಲಿ ಯಾರಿಗೆ ಏನಿದೆ ಅಂತ ಯಾರ ಹಣೆ ಮೇಲೂ ಬರೆದಿರಲ್ಲ, ಅದಕ್ಕೇ ಎಲ್ಲರಿಗೂ ಅಷ್ಟೇ ಜಾಗ್ರತೆ" ಅಂದರು. ಆಮೇಲೆ, "ಅಡುಗೆಯವರಂತೆ. ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದರೆ ಹೂರಣ ಎಲ್ಲ ಹೊರಗೆ ಬರುತ್ತಲ್ಲ, ಯಾಕೆ?" ಎಂದು ಕೇಳಿದರು.

"ಕಣಕ ನೆನೆಯೋಕೆ ಬಿಡಲ್ಲ ಸಾರ್, ಅದಕ್ಕೇಯ. ಎಣ್ಣೇಲಿ ಮುಳುಗ್ಸಿ ಇಡ್ಬೇಕು. ನಾದುವಾಗ ಕೈಗೆ ಅಂಟಿದ್ರೆ ಎದ್ರುಬಾರ್ದು, ಇನ್ನೂ ನಾದ್ಬೇಕು. ಹೂರಣ ರುಬ್ಬಿದ ಮ್ಯಾಕೆ..."

"ಮುಗೀತು" ಎಂದರು ಡಾಕ್ಟರು.

"ಇಲ್ಲ ಸಾರ್, ಹೂರಣಕ್ಕೆ ಈಗ ಬತ್ತಾ ಇದೀನಿ."

"ನಿಮ್ಮ ಆಪರೇಷನ್ ಮುಗೀತು. ನಿಮ್ಮ ಹೂರಣಾನೂ ಒಳಗೆ ಹಾಕಿ ಹೊಲಿದಿದ್ದೀನಿ. ಮೂರು ತಿಂಗಳು ಭಾರ ಎತ್ತಬೇಡಿ."

ಊರಿಗೆ ಬಂದಾಗ ಸುದ್ದಿ ನನಗಿಂತ ಮುಂಚೆ ಬಂದು ಕೂತಿತ್ತು. ಆದರೂ ನೋಡಲು ಬರುವ ಪದ್ಧತಿ ಬಿಡಲಾಗುವುದಿಲ್ಲವಲ್ಲ, ಬಂದರು. ಲತಾಮಣಿ ಕಾಫಿ ಕೊಟ್ಟರೆ ಕೆಲವರು ಕುಡಿದರು, ಕೆಲವರು "ಈಗ್ತಾನೆ ಆಯ್ತು" ಎಂದರು. ಆ ವಾರ ಬಸ್ತಿಹಳ್ಳಿಯಲ್ಲಿ ಎಷ್ಟು ಜನಕ್ಕೆ ಆಗತಾನೆ ಕಾಫಿಯಾಗಿತ್ತೋ ಏನೋ. ಹುಚ್ಚಣ್ಣ ಮಾತ್ರ ಬಂದವನೇ ಅವರು ಬಿಟ್ಟ ಲೋಟಗಳನ್ನೆಲ್ಲ ಒಂದೊಂದಾಗಿ ಮುಗಿಸಿ, ಸಕ್ಕರೆ ಕಮ್ಮಿ ಎಂದು ಹೇಳಿ ಹೋದ. ಗೆಂಡೆಹಳ್ಳಿಯ ಒಂದು ಮನೆಯವರು ತಮ್ಮ ನಾಮಕರಣವನ್ನು ದೇವಸ್ಥಾನದಲ್ಲೇ ಮಾಡುತ್ತೇವೆ, ಅಡುಗೆ ಬೇಡ ಎಂದು ಫೋನ್ ಮಾಡಿದರು. ನಾನು ಅವರಿಗೆ ಹೇಳಬೇಕಾದ್ದನ್ನು ಹೇಳಿದೆ. ಹೊಲಿಗೆ ಬಿಚ್ಚುತ್ತದೆ ಎಂದು ಲತಾಮಣಿ ಫೋನ್ ಕಿತ್ತುಕೊಂಡಳು.

ಹಾಸನದವರ ಮೇಲೆ ದೂರನ್ನೂ ಕೊಟ್ಟೆ. ಆ ಜಗಳ ಇನ್ನೂ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ.

ಉಳಿದದ್ದು ಧನುಶ್ರೀ ಮದುವೆ. ಅದು ಕೈತಪ್ಪಿದರೆ ಮಿಕ್ಕವರೆಲ್ಲ ಅದನ್ನೇ ನೋಡಿ ನನ್ನನ್ನು ಕೈಬಿಡುತ್ತಾರೆ. ದೇವರಾಜ ಬೇರೆ ಅಡುಗೆಯವನನ್ನು ನೋಡಿಕೊಂಡು ಬಂದ ಎಂದೂ ಕೇಳಿದೆ. ಕೆಂಪಲಕ್ಷ್ಮಮ್ಮ ಒಬ್ಬಳೇ ಆಟೋದಲ್ಲಿ ಬಂದಳು. "ಅವನ ಒಬ್ಬಟ್ಟು ತಿಂದ್ ನೋಡ್ದೆ. ರಟ್ಟು. ನೀನೇ ಬರ್ಬೇಕು. ನೀನು ಭಾರ ಎತ್ತಬ್ಯಾಡ. ಕುರ್ಚಿ ಹಾಕುಸ್ತೀನಿ, ಕೂತ್ಕಂಡು ಬಯ್ಯಿ."

"ದೇವರಾಜ ಏನಂದ?"

"ಅವನೇನಂದ್ರೆ ನಿಂಗೇನು" ಎಂದು ಅವಳು ಕಾಫಿ ಲೋಟ ಬರಿದು ಮಾಡಿ ಎದ್ದಳು. ಅಂದರೆ ಅವನು ಒಪ್ಪಿಲ್ಲ.

ಹೋದೆ. ಹಳೇಬೀಡಿನ ಸಮುದಾಯ ಭವನದ ಹಿತ್ತಲಲ್ಲಿ ಒಲೆ ಹೂಡಿದೆವು. ಹುಚ್ಚಣ್ಣ ಮತ್ತವನ ಕಡೆಯವರು ಕೊಪ್ಪರಿಗೆ ಎತ್ತಿದರು, ನಾನು ಕುರ್ಚಿಯ ಮೇಲೆ ಕೂತು ಬೈದೆ. ಒಬ್ಬಟ್ಟು ಒಂದೂ ಹರಿಯಲಿಲ್ಲ. ದೇವರಾಜ ಮಾತ್ರ ಅಡುಗೆಮನೆ ಕಡೆ ತಲೆಹಾಕಲಿಲ್ಲ. ಸಾಮಾನು ಬೇಕಾದರೆ ಕಾವ್ಯಶ್ರೀ ಬಂದು ಕೊಟ್ಟು ಹೋಗುತ್ತಿದ್ದಳು.

ಧಾರೆಯಾಯಿತು. ಎಲೆ ಹಾಕಿದರು. ಜನ ಕೂತರು. ನಮ್ಮ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಮೊದಲ ಪಂಕ್ತಿಗೆ ಬಡಿಸುವ ಮೊದಲು ಮದುವೆ ಮನೆಯ ಯಜಮಾನ ಒಲೆಯ ಹತ್ತಿರ ಬಂದು, ಅಂಗೈಯಲ್ಲಿ ಸಾರು ಹಾಕಿಸಿಕೊಂಡು ಉಪ್ಪು ನೋಡಬೇಕು. ಅವನು ಸರಿ ಎಂದ ಮೇಲೆಯೇ ಸೌಟು ಎತ್ತುವುದು.

"ದೇವರಾಜನ್ನ ಕರೀರಿ" ಅಂದೆ.

"ಅವನು ಬೀಗರ ಜೊತೆ ಅವ್ನೆ. ನಾನೇ ನೋಡ್ತೀನಿ ತಾ" ಎಂದು ಕೆಂಪಲಕ್ಷ್ಮಮ್ಮ ಕೈ ಒಡ್ಡಿದಳು.

"ಕನ್ಯಾದಾನ ಮಾಡ್ದೋನು ಅವನು. ಅವನೇ ಬರ್ಬೇಕು."

"ಎಲೆ ಮುಂದೆ ಜನ ಕೂತವ್ರೆ ಕಣೋ."

"ಕೂತಿರ್ಲಿ."

ಹುಚ್ಚಣ್ಣ ಬಕೆಟ್ ಹಿಡಿದು ನಿಂತಿದ್ದ. ಬಡಿಸುವವರು ನಿಂತಿದ್ದರು. ಪಂಕ್ತಿಯಲ್ಲಿ ಕೂತವರು ಕತ್ತು ತಿರುಗಿಸಿ ಹಿತ್ತಲ ಬಾಗಿಲು ನೋಡತೊಡಗಿದರು. ಬೀಗರ ಕಡೆಯ ಇಬ್ಬರು ಎದ್ದೇ ಬಂದು ಬಾಗಿಲಲ್ಲಿ ನಿಂತರು. ಸಾರು ಕುದಿಯುತ್ತಿತ್ತು. ನಾನು ಸೌಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಈ ಸಾರು ಸುಟ್ಟು ಕರಕಲಾದರೂ ಅವನು ಬರದೆ ಎತ್ತುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ.

ದೇವರಾಜ ಬಂದ. ಹೊಸ ಪಂಚೆ, ಹೊಸ ಶಲ್ಯ. ಬಾಗಿಲಲ್ಲಿ ನಿಂತಿದ್ದ ಬೀಗರನ್ನು ನೋಡಿದ, ನನ್ನನ್ನು ನೋಡಿದ, ಕುದಿಯುವ ಸಾರನ್ನು ನೋಡಿದ. ಆಮೇಲೆ ಅಂಗೈ ಗುಳಿ ಮಾಡಿ ಮುಂದೆ ಚಾಚಿದ. ನಾನು ಸೌಟಿನ ತುದಿಯಿಂದ ಹಾಕಿದೆ. ಉಫ್ ಎಂದು ಊದಿ ನೆಕ್ಕಿದ. ಬಾಯಿ ಚಪ್ಪರಿಸಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಉಪ್ಪು ಒಂಚೂರು ಕಮ್ಮಿ."

ನನ್ನ ಪಿತ್ತ ನೆತ್ತಿಗೇರಿತು. "ಕಮ್ಮಿನಾ? ನನ್ನ ಸಾರಿಗೆ ಉಪ್ಪು ಕಮ್ಮಿ ಅಂತೀಯಾ? ಬೆಳಿಗ್ಗಿಂದ ಎಲೆಅಡಿಕೆ ಹಾಕ್ಕೊಂಡು ನಾಲ್ಗೆ ಮರಗಟ್ಟೈತೆ ನಿಂಗೆ."

"ಕಮ್ಮಿ ಅಂದ್ರೆ ಕಮ್ಮಿ. ನಮ್ ಮನೆ ಮದ್ವೆ, ನಾನ್ ಹೇಳ್ತೀನಿ."

"ಸರಿಯಾಗೈತೆ."

"ಹಾಕು ಅಂದ್ರೆ ಹಾಕ್ಲಾ."

ನಾನು ಉಪ್ಪಿನ ಡಬ್ಬಿಗೆ ಕೈ ಹಾಕಿ, ಮುಚ್ಚಿದ ಹಿಡಿಯನ್ನು ಕೊಪ್ಪರಿಗೆಯ ಮೇಲೆ ಆಡಿಸಿ, ಜೋರಾಗಿ ಸೌಟು ತಿರುವಿದೆ. ಒಂದು ಹರಳೂ ಬಿದ್ದಿರಲಿಲ್ಲ. ಅವನು ಆಗಲೇ ಅಂಗೈ ಚಾಚಿಕೊಂಡು ನಿಂತಿದ್ದ. ಈ ಸಲ ಹೆಚ್ಚಿಗೇ ಹಾಕಿದೆ. ಬೆರಳ ಸಂದಿಯಿಂದ ಮೊಣಕೈಗೆ ಇಳಿದದ್ದನ್ನೂ ಬಿಡದೆ ನೆಕ್ಕಿಕೊಂಡ.

"ಈಗ ಸರಿಯಾಯ್ತು ನೋಡು" ಎಂದು ಹೇಳಿ, ಬಾಗಿಲಲ್ಲಿದ್ದ ಬೀಗರ ಹೆಗಲ ಮೇಲೆ ಕೈ ಹಾಕಿ ಪಂಕ್ತಿಯ ಕಡೆ ಕರೆದುಕೊಂಡು ಹೋದ. ಹುಚ್ಚಣ್ಣ ಬಕೆಟ್ ಒಡ್ಡಿದ. ನಾನು ತುಂಬಿದೆ.